ಮೂರು ಬಾಗಿಲಿನ ರೆಡಿಮೇಡ್ ವಾರ್ಡ್‌ರೋಬ್: ಮಡಿಕೇರಿ ಮಳೆಗಾಲದಲ್ಲಿ ಎಲ್ಲಿ ಕೆಡುತ್ತದೆ, ಏಕೆ ಕೆಡುತ್ತದೆ

ಆನ್‌ಲೈನ್‌ನಲ್ಲಿ ಹನ್ನೆರಡು ಸಾವಿರದ ಆಸುಪಾಸಿಗೆ ಸಿಗುವ, ಎರಡು ರಟ್ಟಿನ ಪೆಟ್ಟಿಗೆಯಲ್ಲಿ ಬಿಡಿಬಿಡಿಯಾಗಿ ಬರುವ, ಮನೆಯಲ್ಲೇ ಜೋಡಿಸಿಕೊಳ್ಳಬೇಕಾದ ವಾರ್ಡ್‌ರೋಬ್ ಇದು. ಎತ್ತರ 180 ಸೆಂ.ಮೀ., ಅಗಲ 120, ಆಳ 48. ಮೈಯೆಲ್ಲ 15 ಮಿ.ಮೀ. ಪ್ರೀ-ಲ್ಯಾಮಿನೇಟೆಡ್ ಪಾರ್ಟಿಕಲ್ ಬೋರ್ಡ್, ಬೆನ್ನಿಗೆ 3 ಮಿ.ಮೀ. ಹಾರ್ಡ್‌ಬೋರ್ಡ್. ಒಟ್ಟು ತೂಕ 80 ಕೆ.ಜಿ. ಹತ್ತಿರ. ಈ ಅಳತೆಯ ಮಾಲು ಹತ್ತಾರು ಹೆಸರಲ್ಲಿ ಮಾರಾಟವಾಗುತ್ತದೆ. ಒಳಗಿನ ಬೋರ್ಡು, ಹಿಂಜು, ಸ್ಕ್ರೂ ಹೆಚ್ಚುಕಮ್ಮಿ ಒಂದೇ ತರದವು. ಹಾಗಾಗಿ ಇಲ್ಲಿ ಹೇಳಿದ್ದು ಈ ದರದ ಬಹುತೇಕ ಎಲ್ಲ ವಾರ್ಡ್‌ರೋಬಿಗೂ ಅನ್ವಯಿಸುತ್ತದೆ.

ಕೊಳ್ಳಬೇಕೋ ಬೇಡವೋ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕುಶಾಲನಗರದಂಥ ಒಣ ಸೀಮೆಯಲ್ಲಿ, ಮೇಲ್ಮಹಡಿಯ ಗಾಳಿಯಾಡುವ ಕೋಣೆಗೆ, ನಾಲ್ಕೈದು ವರ್ಷದ ಬಾಳಿಕೆ ಸಾಕು ಎನ್ನುವವರಿಗೆ ಆದೀತು. ಮಡಿಕೇರಿ, ಭಾಗಮಂಡಲ, ನಾಪೋಕ್ಲು, ಶಾಂತಳ್ಳಿ ಕಡೆಯ ನೆಲಮಟ್ಟದ ಕೋಣೆಗೆ ಬೇಡ. ಆಗಲೇ ಕೊಂಡುಬಿಟ್ಟಿದ್ದರೆ ಜೋಡಿಸುವ ಮುನ್ನ ಒಂದು ದಿನ ಕೂತು ಕೆಲವು ಕೆಲಸ ಮಾಡಿಕೊಳ್ಳಿ. ಜೋಡಿಸಿದ ಮೇಲೆ ಅವು ಸಾಧ್ಯವಿಲ್ಲ.

ಪಾರ್ಟಿಕಲ್ ಬೋರ್ಡ್ ಅಂದರೆ ಮರದ ಚೂರು, ಹೊಟ್ಟಿಗೆ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ಬೆರೆಸಿ ಬಿಸಿ ಪ್ರೆಸ್ಸಿನಲ್ಲಿ ಒತ್ತಿದ ಹಲಗೆ. ಒತ್ತುವಾಗ ಚೂರುಗಳು ಅವುಚಿಕೊಂಡು ಕೂರುತ್ತವೆ. ತೇವ ತಾಗಿತೋ, ಬಿಡಿಸಿಕೊಂಡು ಉಬ್ಬುತ್ತವೆ, ಅಂಟೂ ಸಡಿಲವಾಗುತ್ತದೆ. ಗಟ್ಟಿ ಮರ ಉಬ್ಬಿದರೂ ಬಿಸಿಲು ಬಂದಾಗ ಬಹುಮಟ್ಟಿಗೆ ಮೊದಲಿನ ಅಳತೆಗೆ ಇಳಿಯುತ್ತದೆ. ಪಾರ್ಟಿಕಲ್ ಬೋರ್ಡ್ ಒಮ್ಮೆ ಉಬ್ಬಿದ ಮೇಲೆ ಇಳಿಯುವುದಿಲ್ಲ. ನೀರು ಬೀಳಲೇಬೇಕು ಎಂದೂ ಇಲ್ಲ. ಗಾಳಿಯ ತೇವಾಂಶ ಶೇ. 90ರ ಸುಮಾರಿನಲ್ಲಿ ನಿಂತರೆ ಮರದೊಳಗೆ ತಾನೇ ಶೇ. 20ರಷ್ಟು ನೀರು ಸೇರುತ್ತದೆ. ಶೇ. 50ರ ಒಣ ಹವೆಯಲ್ಲಾದರೆ 9ರ ಹತ್ತಿರ ನಿಲ್ಲುತ್ತದೆ. ಕಾಫಿ ಬೆಳೆಯುವ ಸೀಮೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಿಗೆಯಲ್ಲಿ ಗರಿಗರಿ ಒಣಗಿಸಿಟ್ಟ ಚೀಲ ಜುಲೈ ಹೊತ್ತಿಗೆ ಮೆತ್ತಗಾಗುವುದೂ ಇದೇ ಕಾರಣಕ್ಕೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ.

ಪೆಟ್ಟಿಗೆ ಬಿಚ್ಚಿದ ಕೂಡಲೇ ಪಕ್ಕದ ಹಲಗೆಯೊಂದನ್ನು ತಲೆಕೆಳಗು ಮಾಡಿ ನೋಡಿ. ಎದುರಿನ ಅಂಚಿಗೆ ಅರ್ಧ ಮಿ.ಮೀ. ದಪ್ಪದ ಪಿವಿಸಿ ಪಟ್ಟಿ ಅಂಟಿಸಿರುತ್ತಾರೆ. ಹಿಂದಿನ ಅಂಚಿಗೆ ಏನೂ ಇಲ್ಲ. ನೆಲಕ್ಕೆ ಕೂರುವ ಕೆಳಗಿನ ಅಂಚಿಗೂ ಏನೂ ಇಲ್ಲ. ಎರಡು ಮೈಗೆ ನುಣುಪು ಹೊಟ್ಟು, ನಡುವೆ ದಪ್ಪ ಚೂರು, ಅವುಗಳ ಮಧ್ಯೆ ಸಣ್ಣ ಸಂದುಗಳು ಬರಿಗಣ್ಣಿಗೇ ಕಾಣುತ್ತವೆ. ಹೆಬ್ಬೆರಳ ಉಗುರಿನಿಂದ ಕೆರೆದರೆ ನಡುವಿನ ಚೂರು ಪುಡಿಯಾಗಿ ಉದುರುತ್ತದೆ. ಮೇಲ್ಮೈಯ ಮೆಲಮೈನ್ ಹಾಳೆ ನಿಜಕ್ಕೂ ನೀರು ತಡೆಯುತ್ತದೆ. ಜಾಹೀರಾತಿನ ‘ವಾಟರ್‌ಪ್ರೂಫ್’ ಎಂಬ ಮಾತಿಗೆ ಇರುವ ಆಧಾರ ಆ ಹಾಳೆ ಮಾತ್ರ. ನೀರು ನುಗ್ಗುವುದು ಅಂಚಿನಿಂದ, ಕೊರೆದ ತೂತಿನಿಂದ, ಹಿಂಬದಿ ಹಲಗೆ ಕೂರಲು ಕೊರೆದ ತೋಡಿನಿಂದ.

ಹಳೆ ಮನೆಗಳ ರೆಡ್ ಆಕ್ಸೈಡ್ ನೆಲ ಆಷಾಢದಲ್ಲಿ ಬೆವರುತ್ತದೆ, ಒರೆಸಿದಷ್ಟೂ ಮತ್ತೆ ತೇವ. ಹಲಗೆಯ ಅಡಿಗೆ ಕೊಟ್ಟ ಪ್ಲಾಸ್ಟಿಕ್ ಗುಂಡಿಗಳ ಎತ್ತರ ಹೆಚ್ಚೆಂದರೆ 5 ಮಿ.ಮೀ. ನೆಲ ಒರೆಸುವ ಬಟ್ಟೆಯ ನೀರು ಸಲೀಸಾಗಿ ಅಂಚಿಗೆ ಮುಟ್ಟುತ್ತದೆ. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ಕೆಳಗಿನ ಎರಡು ಬೆರಳು ಭಾಗ 15 ಮಿ.ಮೀ. ಇದ್ದದ್ದು 18ರವರೆಗೂ ಊದಿ, ಎದುರಿನ ಪಟ್ಟಿ ಬಾಯಿ ಬಿಡುತ್ತದೆ. ಬಾಗಿಲ ಬುಡ ಅದಕ್ಕೆ ತಾಗಿ ಉಜ್ಜತೊಡಗುತ್ತದೆ. ಆಗ ಹಿಂಜು ತಿರುಗಿಸಿ ಸರಿಮಾಡಲು ಹೋಗುವವರು ಬಹಳ. ದೋಷ ಬುಡದಲ್ಲಿರುವಾಗ ಹಿಂಜಿನಿಂದ ಏನೂ ಆಗದು.

ಎರಡನೇ ದೌರ್ಬಲ್ಯ ಮಿನಿಫಿಕ್ಸ್, ಅಂದರೆ ಹಲಗೆಗೆ ಹಲಗೆ ಕೂಡಿಸುವ ಲಾಕ್. ಒಂದು ಹಲಗೆಗೆ ಬೋಲ್ಟು ತಿರುಗಿಸಿ, ಇನ್ನೊಂದರ ತೂತಿನಲ್ಲಿ 15 ಮಿ.ಮೀ. ವ್ಯಾಸದ ದುಂಡು ಲಾಕ್ ಕೂರಿಸಿ, ಅರ್ಧ ಸುತ್ತು ತಿರುಗಿಸಿದರೆ ಅದು ಬೋಲ್ಟಿನ ತಲೆ ಹಿಡಿದು ಎಳೆಯುತ್ತದೆ. ವ್ಯವಸ್ಥೆ ಒಳ್ಳೆಯದೇ. ಆದರೆ ಲಾಕ್ ಕೂರುವ ತೂತಿನ ಆಳ ಸುಮಾರು 12.5 ಮಿ.ಮೀ., ಹಲಗೆಯೇ 15. ಆಚೆ ಬದಿಗೆ ಉಳಿಯುವುದು ಎರಡೂವರೆ ಮಿ.ಮೀ. ಮಾತ್ರ. ತೇವಕ್ಕೆ ಅಷ್ಟು ತೆಳು ಭಾಗ ಉಬ್ಬಿ, ಹೊರಮೈಯಲ್ಲಿ ಎಂಟಾಣೆ ನಾಣ್ಯದಗಲ ದುಂಡು ಗುಳ್ಳೆ ಎದ್ದಂತೆ ಕಾಣುತ್ತದೆ. ಬೋಲ್ಟಿನ ಕಥೆ ಇನ್ನೂ ಸೂಕ್ಷ್ಮ. ಅದರ ಥ್ರೆಡ್ ಹಿಡಿದಿರುವುದು ಬರೀ ಚೂರನ್ನು. ಬಿಚ್ಚಿ ಕಟ್ಟಿದಂತೆಲ್ಲ ಹಿಡಿತ ಕಡಿಮೆ. ಎರಡನೇ ಸಲ ಮನೆ ಬದಲಿಸುವಾಗ ಇದನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಕಟ್ಟಬಹುದು ಎಂದು ನಂಬಬೇಡಿ. ಬಾಡಿಗೆ ಮನೆಯವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಬಾಗಿಲು ತಲಾ 7 ಕೆ.ಜಿ., ಎತ್ತರ 175 ಸೆಂ.ಮೀ. ಈ ಎತ್ತರಕ್ಕೆ ನಾಲ್ಕು ಹಿಂಜು ಬೇಕು. ಪೆಟ್ಟಿಗೆಯಲ್ಲಿ ಬರುವುದು ಮೂರೇ. ಭಾರವೆಲ್ಲ ಮೇಲಿನ ಹಿಂಜಿನ 16 ಮಿ.ಮೀ. ಉದ್ದದ ಎರಡು ಸ್ಕ್ರೂ ಮೇಲೆ ಬೀಳುತ್ತದೆ. ಕಿತ್ತು ಬರುವುದೂ ಅಲ್ಲೇ. ಬಾಗಿಲಿಗೊಂದರಂತೆ ನಾಲ್ಕನೆಯ ಹಿಂಜನ್ನು ಮರಗೆಲಸದವರಿಂದ ಹಾಕಿಸುವುದಾದರೆ 35 ಮಿ.ಮೀ. ಬಿಟ್‌ಗೆ ಟೇಪ್ ಸುತ್ತಿ ಆಳ ಗುರುತು ಮಾಡಿಕೊಳ್ಳಲು ಹೇಳಿ. 12 ಮಿ.ಮೀ. ದಾಟಿದರೆ ಬಾಗಿಲ ಎದುರುಮೈಗೆ ತೂತು ಬೀಳುತ್ತದೆ. ಒಳಗಿನ ಅಡ್ಡ ಹಲಗೆಗಳು 40 ಸೆಂ.ಮೀ. ಅಗಲದವು, ಬಟ್ಟೆಯ ಭಾರಕ್ಕೆ ಜಗ್ಗುವುದಿಲ್ಲ. ಇದೊಂದು ಮೆಚ್ಚುವಂಥದ್ದು. ಎರಡು ಬಾಗಿಲಿನ ಅಗ್ಗದ ಮಾದರಿಗಳಲ್ಲಿ 80 ಸೆಂ.ಮೀ. ಉದ್ದದ ಒಂದೇ ಹಲಗೆ ಕೊಡುತ್ತಾರೆ. ಉದ್ದ ಎರಡು ಪಟ್ಟಾದರೆ ಅದೇ ಒತ್ತಿನ ಭಾರಕ್ಕೆ ಜಗ್ಗುವುದು ಹದಿನಾರು ಪಟ್ಟು. ಅಂಥದ್ದರ ತಂಟೆಗೆ ಹೋಗಬೇಡಿ. 15ರ ಬದಲು 18 ಮಿ.ಮೀ. ಹಲಗೆ ಸಿಕ್ಕರೆ ಬಿಗಿ 1.7 ಪಟ್ಟು ಹೆಚ್ಚು, ಮಿನಿಫಿಕ್ಸ್ ಹಿಂದೆಯೂ ಹೆಚ್ಚು ದಪ್ಪ ಉಳಿಯುತ್ತದೆ. ಸಾವಿರ, ಎರಡು ಸಾವಿರ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಡ್ರಾಯರ್ ಚಾನೆಲ್ ಪ್ಲಾಸ್ಟಿಕ್ ಚಕ್ರದ್ದು, ಸಾಧಾರಣ. ಬೀಗ ತೋರಿಕೆಗೆ ಮಾತ್ರ. ವಾಸನೆ ಮೊದಲ ಕೆಲವು ವಾರ ಕಣ್ಣುರಿಸುವಷ್ಟಿರುತ್ತದೆ, ಅದು ಅಂಟಿನ ಫಾರ್ಮಾಲ್ಡಿಹೈಡ್. ಕಿಟಕಿ ಮುಚ್ಚಿಕೊಂಡಿರುವ ಮಳೆಗಾಲದಲ್ಲಿ ಇನ್ನೂ ಕಷ್ಟ. ಎಳೆ ಮಕ್ಕಳ ಕೋಣೆಗಾದರೆ ‘ಇ1’ ದರ್ಜೆ (ಫಾರ್ಮಾಲ್ಡಿಹೈಡ್ ಕಡಿಮೆ ಹೊಮ್ಮುವಂಥದ್ದು) ಎಂದು ಬರೆದಿರುವುದನ್ನೇ ಕೊಳ್ಳಿ. ಬೋರ್ಡಿನ ಮೇಲೆ ಐಎಸ್‌ಐ ಗುರುತಿನ ಜೊತೆ ಐಎಸ್ 12823 ಎಂಬ ಸಂಖ್ಯೆ ಇದೆಯೇ ನೋಡಿ, ಪ್ರೀ-ಲ್ಯಾಮಿನೇಟೆಡ್ ಪಾರ್ಟಿಕಲ್ ಬೋರ್ಡಿನ ಮಾನಕ ಅದು. ‘ಎಂಜಿನಿಯರ್ಡ್ ವುಡ್’ ಎಂಬ ಮಾತಿಗೆ ಮರುಳಾಗಬೇಡಿ. ಪ್ಲೈವುಡ್, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ), ಪಾರ್ಟಿಕಲ್ ಬೋರ್ಡ್ ಮೂರಕ್ಕೂ ಆ ಹೆಸರು ಹೊಂದುತ್ತದೆ, ಯಾವುದು ಎಂದು ಕೇಳಿ ಬರೆಸಿಕೊಳ್ಳಿ. ತೇಗದ ಫಿನಿಷ್ ಎಂದರೆ ಹಾಳೆಯ ಮೇಲಿನ ಬಣ್ಣ, ಅಷ್ಟೇ.

ಇನ್ನು ಕೊಂಡವರ ಕೆಲಸ. ಮಳೆ ಬಿಟ್ಟ ಒಣ ದಿನ ಹಿಡಿಯಿರಿ. ಎಲ್ಲ ಹಲಗೆಗಳ ಬರಿ ಅಂಚನ್ನು 180 ನಂಬರ್ ಸ್ಯಾಂಡ್ ಪೇಪರಿನಿಂದ ಹಗುರಾಗಿ ಉಜ್ಜಿ, ಧೂಳು ಒರೆಸಿ, ಪಿಯು (ಪಾಲಿಯುರೆಥೇನ್) ಕ್ಲಿಯರ್ ಕೋಟ್ ಅಥವಾ ಆಯಿಲ್ ಎನಾಮೆಲ್ ಎರಡು ಸಲ ಹಚ್ಚಿ. ಮೊದಲ ಸಲ ಹಚ್ಚಿದ್ದನ್ನು ಅಂಚು ಪೂರಾ ಕುಡಿದುಬಿಡುತ್ತದೆ, ಎರಡನೆಯದು ಬಿಡಲೇಬಾರದು. ನೆಲಕ್ಕೆ ಕೂರುವ ಅಂಚಿಗೆ ಮೂರನೆಯದೂ ಇರಲಿ. ಮಿನಿಫಿಕ್ಸ್ ತೂತು, ಹಿಂಜಿನ ಗುಂಡಿಯೊಳಗೆ ಸಣ್ಣ ಬ್ರಷ್ಷಿನಿಂದ ತೆಳ್ಳಗೆ ಸವರಿ, ದಪ್ಪವಾದರೆ ಲಾಕ್ ಕೂರುವುದಿಲ್ಲ. ನೀರಿನ ಪೇಂಟ್ ಖಂಡಿತ ಬೇಡ, ಅದರ ನೀರಿಗೇ ಅಂಚು ಉಬ್ಬುತ್ತದೆ.

ಅಡಿಗೆ ಕೊಟ್ಟ ಗುಂಡಿ ಬಿಟ್ಟು, ಅಡುಗೆಮನೆ ಕ್ಯಾಬಿನೆಟ್‌ಗೆ ಹಾಕುವ 100 ಮಿ.ಮೀ. ಎತ್ತರದ ಪಿವಿಸಿ ಕಾಲು ಆರು ತನ್ನಿ, ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತವೆ. ಪಕ್ಕದ ಹಲಗೆಗಳ ನೇರ ಕೆಳಗೆ ಎರಡೆರಡು, ನಡುವಿನ ಹಲಗೆಯ ಕೆಳಗೆ ಎರಡು. ಕಾಲು ಹಲಗೆಯಿಂದ ಆಚೀಚೆ ಸರಿದರೆ ಭಾರವೆಲ್ಲ ತಳದ ಹಲಗೆಯ ಸ್ಕ್ರೂಗೆ ಬಂದು ಅದು ಕಿತ್ತುಕೊಳ್ಳುತ್ತದೆ. ಪಕ್ಕದ ಹಲಗೆ ತಳದ ಹಲಗೆಗಿಂತ ಕೆಳಗೆ ಇಳಿದಿರುವ ಮಾದರಿಯಾದರೆ, ವಾರ್ಡ್‌ರೋಬಿನ ಅಡಿಗೆ ಹಲಸಿನ ಇಲ್ಲವೇ ತೇಗದ ಎರಡು ರೀಪರ್ ಅಡ್ಡ ಕೊಟ್ಟರೂ ಆಯಿತು.

ಜೋಡಿಸುವಾಗ ಡ್ರಿಲ್ ಮೆಷಿನ್ ಪಕ್ಕಕ್ಕಿಡಿ. ಮೆಷಿನ್ ಒಂದು ಕ್ಷಣ ಹೆಚ್ಚು ತಿರುಗಿದರೂ ಚೂರು ಪುಡಿಯಾಗಿ ಸ್ಕ್ರೂ ಸುಮ್ಮನೆ ಸುತ್ತುತ್ತದೆ. ಕೈ ಸ್ಕ್ರೂಡ್ರೈವರ್ ಸಾಕು. ಹಲಗೆ ಕೂಡಿಸುವ 8 ಮಿ.ಮೀ. ದುಂಡು ಮರದ ಕಡ್ಡಿಗಳಿಗೆ (ಡವೆಲ್) ಪೆಟ್ಟಿಗೆಯ ಕೈಪಿಡಿ ಅಂಟು ಹೇಳಿರುವುದಿಲ್ಲ. ನೀವು ಹಾಕಿ. ಫೆವಿಕಾಲ್ ಮರೀನ್‌ನಂಥ ನೀರು ತಡೆಯುವ ಅಂಟನ್ನು ತೂತಿನೊಳಕ್ಕೆ ಒಂದು ಹನಿ ಬಿಟ್ಟರೆ ಮೂಲೆಯ ಬಿಗಿ ಬಹಳ ಹೆಚ್ಚುತ್ತದೆ. ಮತ್ತೆ ಬಿಚ್ಚಲು ಬರುವುದಿಲ್ಲ ಎಂಬುದು ನೆನಪಿರಲಿ. ಲಾಕ್ ಕೂರಿಸುವಾಗ ಅದರ ಮೇಲಿನ ಬಾಣದ ಗುರುತು ಬೋಲ್ಟ್ ಬರುವ ಅಂಚಿನ ಕಡೆಗಿರಬೇಕು. ಸ್ಕ್ರೂ ಸುತ್ತುತ್ತಿದ್ದರೆ ಬಿದಿರಿನ ಕಡ್ಡಿ ಸೀಳಿ ಅಂಟಿನಲ್ಲಿ ಅದ್ದಿ ತೂತಿಗೆ ತುಂಬಿ, ಒಂದು ದಿನ ಬಿಟ್ಟು ಮತ್ತೆ ತಿರುಗಿಸಿ.

ಹಿಂಬದಿ ಹಾರ್ಡ್‌ಬೋರ್ಡ್ ಹೊಡೆಯುವ ಮೊದಲು ಕರ್ಣ ಅಳೆಯಲೇಬೇಕು. 180ಕ್ಕೆ 120 ಇರುವ ಚೌಕಟ್ಟಿಗೆ ಮೂಲೆಯಿಂದ ಮೂಲೆಗೆ 216 ಸೆಂ.ಮೀ. ಮೇಲೆ 3 ಮಿ.ಮೀ. ಎರಡೂ ಕಡೆಯದು ಒಂದೇ ಬರಬೇಕು, 3 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಉದ್ದ ಇರುವ ಮೂಲೆಯನ್ನು ಒಳಕ್ಕೆ ತಳ್ಳಿ. ಇಡೀ ವಾರ್ಡ್‌ರೋಬ್ ಆಚೀಚೆ ವಾಲದಂತೆ ಹಿಡಿದಿರುವುದು ಈ ತೆಳು ಹಿಂಬದಿಯೇ. ಕೊಟ್ಟ ಸಣ್ಣ ಮೊಳೆಯ ಬದಲು 15 ಸೆಂ.ಮೀ.ಗೊಂದರಂತೆ ವಾಷರ್ ಇಟ್ಟು 16 ಮಿ.ಮೀ. ಸ್ಕ್ರೂ ಹಾಕಿ. ಆ ಹಾರ್ಡ್‌ಬೋರ್ಡಿನ ಹೊರಮೈಗೂ ಒಂದು ಕೋಟ್ ಎನಾಮೆಲ್ ಬಳಿದಿಡಿ, ಬೂಷ್ಟು ಮೊದಲು ಹಿಡಿಯುವುದು ಅಲ್ಲೇ.

ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ನಿಲ್ಲಿಸಿ. ಗೋದಾಮಿನಲ್ಲಿ ಕಾಫಿ ಚೀಲವನ್ನು ಹಲಗೆಯ ಮೇಲೇರಿಸಿ ಗೋಡೆಗೆ ತಾಗದಂತೆ ಅಟ್ಟಿ ಹಾಕುತ್ತಾರಲ್ಲ, ಅದೇ ಕ್ರಮ. ನೈರುತ್ಯದ ಮಳೆ ಬಡಿಯುವ ಹೊರಗೋಡೆ ಬಿಟ್ಟು ಒಳಗೋಡೆ ಆರಿಸಿ. ಮೇಲ್ಗಡೆ ಎರಡು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯುವುದನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಮೂರೂ ಬಾಗಿಲು ಒಟ್ಟಿಗೆ ತೆರೆದು ಮಗು ಡ್ರಾಯರ್ ಮೇಲೆ ಕಾಲಿಟ್ಟರೆ 80 ಕೆ.ಜಿ. ಮುಂದಕ್ಕೆ ಬರುತ್ತದೆ. ಅಮೆರಿಕದಲ್ಲಿ 2016ರಲ್ಲಿ ಐಕಿಯಾ ಸುಮಾರು 2.9 ಕೋಟಿ ಡ್ರಾಯರ್ ಕಪಾಟುಗಳನ್ನು ಹಿಂಪಡೆದದ್ದು ಅವು ಉರುಳಿ ಮಕ್ಕಳು ಸತ್ತಿದ್ದರಿಂದ. ಮಣ್ಣಿನ ಗೋಡೆಯಾದರೆ ಪ್ಲಾಸ್ಟಿಕ್ ಪ್ಲಗ್ ನಿಲ್ಲುವುದಿಲ್ಲ, ಮೇಲಿನ ಮರದ ತೊಲೆಗೋ ಬಾಗಿಲ ಚೌಕಟ್ಟಿಗೋ ಬಿಗಿಯಿರಿ.

ಅರೆ ಒಣಗಿದ ಜರ್ಕಿನ್, ಸ್ವೆಟರ್ ಒಳಗೆ ತೂಗಬೇಡಿ. ಕಪಾಟಿನೊಳಗೆ ಬಲ್ಬ್ ಉರಿಸುವ ಹಳೆ ರೂಢಿಗೆ ಎಲ್‌ಇಡಿ ಪ್ರಯೋಜನವಿಲ್ಲ, ಅದರ ಬಿಸಿ ಸಾಲದು. 40 ವ್ಯಾಟ್‌ನ ಹಳೆ ತಂತಿ ಬಲ್ಬ್ ಆದರೆ ಬಟ್ಟೆಯಿಂದ ಒಂದು ಗೇಣು ದೂರವಿರಲಿ, ಮನೆಯಲ್ಲಿ ಜನ ಇದ್ದಾಗ ಮಾತ್ರ ಉರಿಸಿ.

ಪೆಟ್ಟಿಗೆ ಬಂದಾಗ ಮೂಲೆ ಜಜ್ಜಿದೆಯೇ, ರಟ್ಟು ನೆನೆದಿದೆಯೇ ನೋಡಿ. ಬಿಚ್ಚುವುದನ್ನು ಮೊದಲಿನಿಂದ ಕೊನೆಯವರೆಗೆ ವಿಡಿಯೊ ಮಾಡಿ. ವಾರಂಟಿ ಪತ್ರದಲ್ಲಿ ಸಾಮಾನ್ಯವಾಗಿ ತೇವ, ಬೂಷ್ಟು, ಗೆದ್ದಲು ಮೂರನ್ನೂ ಹೊರಗಿಟ್ಟಿರುತ್ತಾರೆ. ಆದ್ದರಿಂದ ಬಂದ ದಿನವೇ ದೋಷ ತೋರಿಸಬೇಕು. ಉತ್ತರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ಬರೆಸಿ. ಅದಕ್ಕೂ ಬಗ್ಗದಿದ್ದರೆ ಗ್ರಾಹಕರ ಆಯೋಗವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಕೊಂಡವರು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು, 5 ಲಕ್ಷದವರೆಗಿನ ಮಾಲಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಬೇರೆ ದಾರಿ ಕೇಳುವವರಿಗೆ: ಐಎಸ್ 303ರ ಬಿಡಬ್ಲ್ಯುಆರ್ (ಕುದಿನೀರು ತಡೆಯುವ) ದರ್ಜೆಯ 18 ಮಿ.ಮೀ. ಪ್ಲೈವುಡ್‌ನಲ್ಲಿ ಊರಿನ ಆಚಾರಿಯಿಂದ ಮಾಡಿಸಿದರೆ ಖರ್ಚು ಎರಡೂವರೆ, ಮೂರು ಪಟ್ಟು. ಬಾಳಿಕೆ ಅದಕ್ಕಿಂತ ಎಷ್ಟೋ ಹೆಚ್ಚು, ಬಿಚ್ಚಿ ಕಟ್ಟಲೂ ಬರುತ್ತದೆ. ಅಷ್ಟು ಕೈಯಲ್ಲಿಲ್ಲದಿದ್ದರೆ ಎಚ್‌ಡಿಎಚ್‌ಎಂಆರ್ (ಹೆಚ್ಚು ಒತ್ತಿದ, ತೇವ ತಡೆಯುವ) ಬೋರ್ಡಿನ ರೆಡಿಮೇಡ್ ನೋಡಿ, ತೇವ ತಡೆಯುವುದರಲ್ಲಿ ಪಾರ್ಟಿಕಲ್ ಬೋರ್ಡಿಗಿಂತ ಎಷ್ಟೋ ವಾಸಿ. ತೋಟದ ಸಿಲ್ವರ್ ಓಕ್ ಕೊಯ್ಸಿ ಮಾಡಿಸುವವರು ಬೋರಾಕ್ಸ್-ಬೋರಿಕ್ ಆಸಿಡ್ ನೀರಿನಲ್ಲಿ ಹಲಗೆ ನೆನೆಸಿ ನೆರಳಲ್ಲಿ ಒಣಗಿಸದೆ ಮುಂದೆ ಹೋಗಬಾರದು, ಹುಳು ಬಿಡುವುದಿಲ್ಲ.

ಈ ವಾರ್ಡ್‌ರೋಬನ್ನೇ ಇಟ್ಟುಕೊಂಡವರು ತುಲಾ ಸಂಕ್ರಮಣ ಕಳೆದು ಬಿಸಿಲು ನೆಟ್ಟಗಾದ ಮೇಲೆ ಒಂದು ಸಲ ಬಟ್ಟೆಯೆಲ್ಲ ಹೊರಗೆ ತೆಗೆದು, ಬಾಗಿಲು ತೆರೆದಿಟ್ಟು, ಎರಡು ದಿನ ಆರಲು ಬಿಡಿ. ಆಮೇಲೆ ಪ್ರತಿ ಮಿನಿಫಿಕ್ಸನ್ನೂ ಕೈಯಿಂದ ಮುಟ್ಟಿ ನೋಡಿ. ಸಡಿಲ ಕಂಡದ್ದನ್ನು ಕಾಲು ಸುತ್ತು, ಅದಕ್ಕಿಂತ ಹೆಚ್ಚಿಲ್ಲ, ಬಿಗಿಮಾಡಿ. ಬುಡದ ಅಂಚಿಗೆ ಇನ್ನೊಂದು ಕೋಟ್ ಬಳಿದು ಒಣಗಿದ ಮೇಲೆ ಬಟ್ಟೆ ಜೋಡಿಸಿ.