ಇನ್ನೊಂದು ಕೈ ಸೋಕಿದರೂ ಬೀಳದ ಬ್ಲಾಕ್: ಡುಪ್ಲೊ, ಮ್ಯಾಗ್ನೆಟ್ ಟೈಲ್ಸ್, ಮರದ ಬ್ಲಾಕ್ಸ್

ಆಟಿಸಂ ಇರುವ ಪುಟ್ಟ ಮಗುವಿಗೆ ಜೊತೆಗೂಡಿ ಆಡುವುದು ರೂಢಿಯಾಗಲಿ ಅಂತ ಕಟ್ಟುವ ಆಟಿಕೆ ಹುಡುಕುತ್ತಿದ್ದೀರಾ? ಲೆಗೊ ಕಂಪನಿ ಪುಟ್ಟ ಮಕ್ಕಳಿಗೆಂದು ಮಾಡುವ ಡುಪ್ಲೊ ತರಹದ ದೊಡ್ಡ ಬ್ರಿಕ್ಸ್ ತೆಗೆದುಕೊಳ್ಳಿ, ಒಂದಕ್ಕೊಂದು ಗಟ್ಟಿಯಾಗಿ ಕಚ್ಚಿಕೊಳ್ಳುವಂಥವು. ನಮ್ಮ ಮನೆಯಲ್ಲಿ ಮ್ಯಾಗ್ನೆಟ್ ಟೈಲ್ಸ್, ಮರದ ಬ್ಲಾಕ್ಸ್, ಡುಪ್ಲೊ ಮೂರೂ ಇವೆ. ನಾಲ್ಕು ವರ್ಷದ ನನ್ನ ಮಗ ಮತ್ತು ನನ್ನ ತಂಗಿಯ ಮಗಳು ಮೂರರಲ್ಲೂ ಆಡಿದ್ದಾರೆ. ಒಬ್ಬನೇ ಕೂತು ಆಡಲು ಯಾವುದು ಚೆಂದ ಅನ್ನುವುದು ಬೇರೆ ಮಾತು. ನಾನು ನೋಡಿದ್ದು ಇನ್ನೊಂದು ಮಗು ಕೈ ಹಾಕಿದಾಗ ಏನಾಗುತ್ತದೆ ಅನ್ನುವುದನ್ನು.

ಮೊದಲು ಕೊಂಡಿದ್ದು ಮ್ಯಾಗ್ನೆಟ್ ಟೈಲ್ಸ್. ಬಣ್ಣಬಣ್ಣದ ಪಾರದರ್ಶಕ ಚೌಕ, ತ್ರಿಕೋನಗಳು. ಮಗನಿಗೆ ಅವು ಪ್ರಾಣ. ಒಂದೊಂದನ್ನೂ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡುತ್ತಾನೆ. ಅದು ಅವನ ಖುಷಿ, ಅದಕ್ಕೆ ನಾನು ಅಡ್ಡ ಬರುವುದಿಲ್ಲ.

ಕಷ್ಟ ಶುರುವಾದದ್ದು ಇಬ್ಬರೂ ಸೇರಿ ಮನೆ ಕಟ್ಟಲು ಕೂತಾಗ. ಈ ಟೈಲ್ಸ್ ನಿಲ್ಲುವುದು ಅಂಚಿನ ಸೆಳೆತದ ಮೇಲೆ ಮಾತ್ರ. ಹೊಸ ತುಂಡನ್ನು ಹತ್ತಿರ ತಂದರೆ ಸಾಕು, ನಾವು ಇಡಬೇಕೆಂದ ಜಾಗಕ್ಕೆ ಮೊದಲೇ ಅದು ಪಕ್ಕದ ಗೋಡೆಗೆ ಟಕ್ಕಂತ ಅಂಟುತ್ತದೆ, ಗೋಡೆ ವಾಲುತ್ತದೆ, ಇಡೀ ಮನೆ ಮಡಚಿಕೊಂಡು ಬೀಳುತ್ತದೆ. ದೊಡ್ಡವರ ಕೈಗೇ ಇದು ಹದ ಸಿಗುವುದು ಕಷ್ಟ. ಅವಳು ಪಾಪ, ಪ್ರೀತಿಯಿಂದಲೇ ಚಾವಣಿ ಇಡಲು ಬರುತ್ತಿದ್ದಳು. ಬಿದ್ದರೆ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ, ಮತ್ತೆ ಕಟ್ಟಿದರಾಯಿತು. ಅವನಿಗೆ ಹಾಗಲ್ಲ. ಅವನ ಮನಸ್ಸಿನಲ್ಲಿದ್ದ ಆಕಾರವೇ ಹೋಯಿತಲ್ಲ! ಕಿರುಚಾಟ, ಅಳು, ಆಮೇಲೆ ಅವನು ಟೈಲ್ಸ್ ಹತ್ತಿರಕ್ಕೇ ಹೋಗುತ್ತಿರಲಿಲ್ಲ.

ಅದಕ್ಕಿಂತ ನನ್ನನ್ನು ಚುಚ್ಚಿದ್ದು ನಂತರದ ಬದಲಾವಣೆ. ಅವಳು ಪಕ್ಕ ಬಂದು ಕೂತರೆ ಸಾಕು, ಕಟ್ಟಿದ್ದರ ಸುತ್ತ ಕೈ ಅಡ್ಡ ಇಟ್ಟುಕೊಳ್ಳತೊಡಗಿದ. ಜೊತೆಗಾರರು ಬಂದರೆ ಖುಷಿ ಅಂತ ಕಲಿಯಲಿ ಎಂದು ತಂದ ಆಟಿಕೆ, ಜೊತೆಗಾರರು ಬಂದರೆ ನನ್ನದು ಬೀಳುತ್ತದೆ ಅಂತ ಕಲಿಸುತ್ತಿತ್ತು. ಕೆಳಗೆ ಅಗಲವಾದ ಅಡಿಹಲಗೆ ಇಟ್ಟು ನೋಡಿದೆ, ಮೊದಲ ಅಂತಸ್ತು ನಿಂತಿತು, ಮೇಲಿನದು ಅದೇ ಕಥೆ. ‘ಬಿದ್ದರೆ ಮತ್ತೆ ಕಟ್ಟೋಣ’ ಅನ್ನುವ ಸಮಾಧಾನ, ಅಳು ನೆತ್ತಿಗೇರಿದ ಮಗುವಿನ ಕಿವಿಗೆ ಹೋಗುವುದೇ ಇಲ್ಲ. ಈಗ ಅವನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ ರಂಗೋಲಿಯಂತೆ ಜೋಡಿಸಲು ಮಾತ್ರ ಬಳಸುತ್ತೇವೆ. ಎತ್ತರವಿಲ್ಲ, ಬೀಳುವ ಭಯವೂ ಇಲ್ಲ.

ಇನ್ನೊಂದು ಎಚ್ಚರಿಕೆ. ಒಡೆದ ಟೈಲ್‌ನಿಂದ ಮ್ಯಾಗ್ನೆಟ್ ಹೊರಬಂದು, ಒಂದಕ್ಕಿಂತ ಹೆಚ್ಚು ಹೊಟ್ಟೆಗೆ ಹೋದರೆ ಅವು ಕರುಳಿನ ಗೋಡೆಗಳನ್ನು ನಡುವೆ ಸಿಕ್ಕಿಸಿಕೊಂಡು ಅಂಟಿಕೊಳ್ಳುತ್ತವೆ, ತೂತು ಬೀಳಬಹುದು. ಎಲ್ಲವನ್ನೂ ಬಾಯಿಗೆ ಹಾಕುವ ಮಗುವಿದ್ದರೆ ಬೇಡವೇ ಬೇಡ.

ಮರದ ಬ್ಲಾಕ್ಸ್ ಬಿದ್ದಾಗಿನ ಸದ್ದಿಗೆ ಮಗ ಕಿವಿ ಮುಚ್ಚಿಕೊಳ್ಳುತ್ತಾನೆ, ದಪ್ಪ ಚಾಪೆ ಹಾಸಿದರೆ ಪರವಾಗಿಲ್ಲ. ಅವುಗಳಿಂದ ಒಂದು ಒಳ್ಳೆಯ ಆಟ ಸಿಕ್ಕಿತು: ಗೋಪುರ ಕಟ್ಟಿ, ‘ಒಂದು, ಎರಡು...’ ಎಂದು ನಿಲ್ಲಿಸುವುದು. ‘ಮೂರು’ ಯಾವಾಗ ಬರುತ್ತದೋ ಎಂದು ಅವನೇ ತಾನಾಗಿ ಮುಖ ನೋಡುತ್ತಾನೆ. ಇಲ್ಲಿ ಬೀಳುವುದೇ ಆಟ, ಅದು ಮೊದಲೇ ಗೊತ್ತಿರುವುದರಿಂದ ಅಳುವಿಲ್ಲ.

ಇನ್ನು ಡುಪ್ಲೊ. ಅವಳು ಒತ್ತಿದರೂ, ಎಳೆದರೂ, ಮೊಣಕೈ ತಾಗಿದರೂ ಅವನು ಕಟ್ಟಿದ್ದು ನಿಲ್ಲುತ್ತದೆ. ಅವನು ಕೈ ಅಡ್ಡ ಇಡುವುದನ್ನು ನಿಧಾನವಾಗಿ ಬಿಟ್ಟ. ಆಟವನ್ನು ನಡುವೆ ನಿಲ್ಲಿಸಬಹುದು, ಸರದಿಗೆ ಕಾಯಬಹುದು, ಊಟ ಮಾಡಿ ಬಂದರೂ ಹಾಗೇ ಇರುತ್ತದೆ.

ಮನಶ್ಶಾಸ್ತ್ರಜ್ಞ ಡೇನಿಯಲ್ ಲೆಗಾಫ್ 2004ರಲ್ಲಿ ಪ್ರಕಟಿಸಿದ ಲೆಗೊ ಥೆರಪಿಯ (ಆಟಿಸಂ ಇರುವ ಮಕ್ಕಳು ಸೇರಿ ಲೆಗೊ ಕಟ್ಟುತ್ತಾ ಬೆರೆಯುವುದನ್ನು ಕಲಿಯುವ) ಕ್ರಮದಲ್ಲಿ ಮಕ್ಕಳಿಗೆ ಮೂರು ಪಾತ್ರಗಳು: ಚಿತ್ರ ನೋಡಿ ಹೇಳುವವರು, ತುಂಡು ಹುಡುಕಿ ಕೊಡುವವರು, ಕಟ್ಟುವವರು. ಅದನ್ನು 2008ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷಿಸಿದ್ದು 6ರಿಂದ 11 ವರ್ಷದ ಮಕ್ಕಳ ಮೇಲೆ. ಮೂರು-ನಾಲ್ಕು ವರ್ಷದವರಿಗೆ ಮೂರು ಪಾತ್ರ ಭಾರ. ನಾವು ಎರಡೇ ಇಟ್ಟುಕೊಂಡಿದ್ದೇವೆ: ಡಬ್ಬ ಒಬ್ಬರ ಮಡಿಲಲ್ಲಿ, ಕಟ್ಟುವುದು ಇನ್ನೊಬ್ಬರು. ಹೇಳುವ ಕೆಲಸ ನಾನು ತೆಗೆದ ಫೋಟೊಗಳದ್ದು, ಒಂದು ಫೋಟೊಗೆ ಒಂದೇ ಹೊಸ ಬ್ರಿಕ್. ‘ಅಣ್ಣಾ, ಹಳದಿ ಕೊಡು’ ಎಂದು ಅವಳು ಕೇಳಿದರೆ ಅವನು ಕೊಡಲೇಬೇಕು, ಇಲ್ಲದಿದ್ದರೆ ಆಟ ಮುಂದೆ ಹೋಗುವುದಿಲ್ಲ. ಅವನ ಸರದಿಯಲ್ಲಿ ಮಾತು ಬಾರದಿದ್ದರೆ ಫೋಟೊದ ಮೇಲೆ ಬೆರಳಿಟ್ಟರೂ ಆಯಿತು. ‘ಕಣ್ಣಲ್ಲಿ ಕಣ್ಣಿಟ್ಟು ಕೇಳು’ ಎಂದು ನಾನು ಒತ್ತಾಯಿಸುವುದಿಲ್ಲ.

ಅವನು ಕೆಲವೊಮ್ಮೆ ಬ್ರಿಕ್‌ಗಳನ್ನು ಬಣ್ಣದ ಸಾಲಾಗಿ ಜೋಡಿಸುತ್ತಾ ಕೂರುತ್ತಾನೆ. ಆಗ ಸಾಲು ಕೆಡಿಸದೆ, ಮುಂದಿನ ಬಣ್ಣದ ಬ್ರಿಕ್ ಅವನ ಕೈಗೆ ಕೊಡುತ್ತೇನೆ. ಅದೂ ಜೊತೆ ಆಟವೇ.

ಸಣ್ಣ ಲೆಗೊ ಈಗ ಬೇಡ. ತುಂಡು ಗಂಟಲಿಗೆ ಸಿಕ್ಕಬಹುದು, ಪುಟ್ಟ ಬೆರಳಿಗೆ ಬಿಡಿಸಲೂ ಆಗದು. ಮುಂದೆ ಕೊಂಡರೆ ಅವು ಡುಪ್ಲೊ ಮೇಲೇ ಕೂರುತ್ತವೆ, ಹಾಗಾಗಿ ಹಾಕಿದ ದುಡ್ಡು ದಂಡವಲ್ಲ.

ಕೈ ಬಿಗಿಯಿದ್ದರೆ ಗಾಡಿ, ಪ್ರಾಣಿಗಳಿರುವ ದುಬಾರಿ ಸೆಟ್ ಬಿಟ್ಟು ಬರೀ ಬ್ರಿಕ್ ಇರುವ ಡಬ್ಬ ತನ್ನಿ. ನಮ್ಮವನಿಗೆ ಗಾಡಿ ಸಿಕ್ಕರೆ ಚಕ್ರ ತಿರುಗಿಸುವುದರಲ್ಲೇ ಹೊತ್ತು ಹೋಗುತ್ತದೆ. ಅಡಿಹಲಗೆ ಮಾತ್ರ ಒಂದೇ ಇರಲಿ. ಎರಡು ಕೊಟ್ಟ ದಿನ ಇಬ್ಬರೂ ಬೆನ್ನು ತಿರುಗಿಸಿ ಬೇರೆ ಬೇರೆ ಮನೆ ಕಟ್ಟುತ್ತಾರೆ.