ಪುನರ್ಪುಳಿ: ಸಿಪ್ಪೆ ಕೊಳ್ಳಿ, ಬಾಟಲಿ ಓದಿ ಕೊಳ್ಳಿ, ಪುಡಿ ಬಿಡಿ

ಬೇಸಿಗೆ ಬಂತೆಂದರೆ ಕರಾವಳಿ ಸಾಮಾನು ಮಾರುವ ಅಂಗಡಿಗಳಲ್ಲಿ ಪುನರ್ಪುಳಿ, ಅಂದರೆ ಕೋಕಮ್ ಎಂಬ ಕೆಂಪು ಹುಳಿಹಣ್ಣು, ಮೂರು ವೇಷದಲ್ಲಿ ಸಿಗುತ್ತದೆ: ಪ್ಯಾಕೆಟ್ಟಿನಲ್ಲಿ ಒಣಸಿಪ್ಪೆ, ಬಾಟಲಿಯಲ್ಲಿ ಸಿರಪ್, ಸ್ಯಾಶೆಯಲ್ಲಿ ಪುಡಿ. ಶಿರಸಿ, ಕುಮಟಾ ಕಡೆಯವರು ಮುರುಗಲು ಎಂದು ಕೇಳಿದರೂ ಕೈಗೆ ಬರುವುದು ಇವೇ. ಶರಬತ್ತಿನ ರುಚಿಯಲ್ಲಿ ಗೆಲ್ಲುವುದು ಸಿಪ್ಪೆ. ಹತ್ತಾರು ಜನ ಒಟ್ಟಿಗೆ ಬರುವ ದಿನ ಬಾಟಲಿಯೂ ಆದೀತು, ಲೇಬಲ್ ಓದಿ ತಂದಿದ್ದರೆ. ಪುಡಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ: ಸಾಮಾನ್ಯವಾಗಿ ಸಕ್ಕರೆ, ಹುಳಿ, ಬಣ್ಣ, ಪರಿಮಳ. ಪ್ಯಾಕೆಟ್ ಒಮ್ಮೆ ಒಡೆದರೆ ತೇವ ಹೀರಿ ಗಂಟು ಕಟ್ಟುತ್ತದೆ.

ಸಿಪ್ಪೆ ಕೊಳ್ಳುವಾಗ ಮೊದಲು ಕೇಳಬೇಕಾದ್ದು ಉಪ್ಪಿನ ವಿಷಯ. ಕೊಂಕಣದ ಆಮಸೂಲ್ ಅಡುಗೆಗೆಂದೇ ಮಾಡಿದ್ದು. ಸಿಪ್ಪೆಯನ್ನು ಅದರದೇ ರಸದಲ್ಲಿ ಅದ್ದಿ ಒಣಗಿಸುತ್ತಾರೆ, ಜೊತೆಗೆ ಉಪ್ಪೂ ಸೇರಿರುವುದುಂಟು. ಸಾರಿಗೆ, ತೆಂಗಿನಹಾಲು ಬೆರೆಸಿ ಮಾಡುವ ಸೋಲ್ ಕಡಿಗೆ ಅದು ಸೊಗಸು. ಶರಬತ್ತಿಗೆ ಹಾಕಿದರೆ ಎಷ್ಟು ಬೆಲ್ಲ ಸುರಿದರೂ ಉಪ್ಪು ಮುಂದೆ ಬಂದು ನಿಲ್ಲುತ್ತದೆ. ಶರಬತ್ತಿಗೆ ಬೇಕಾದ್ದು ಬೀಜ ತೆಗೆದು ಬರೀ ಬಿಸಿಲಿಗೆ ಒಣಗಿಸಿದ, ಉಪ್ಪಿಲ್ಲದ ಸಿಪ್ಪೆ. ಗೊತ್ತಾಗದಿದ್ದರೆ ಒಂದು ಚೂರು ನಾಲಿಗೆಗಿಟ್ಟು ನೋಡಿ. ಉಪ್ಪಿನದೇ ಮನೆಗೆ ಬಂದುಬಿಟ್ಟಿದ್ದರೆ ತಣ್ಣೀರಿನಲ್ಲಿ ಒಮ್ಮೆ ಬೇಗ ತೊಳೆದು ಬಳಸಿ, ಶರಬತ್ತಿಗೆ ಬೇರೆ ಉಪ್ಪು ಹಾಕಬೇಡಿ.

ಇನ್ನೊಂದು ಗೊಂದಲ ಪುನರ್ಪುಳಿಯ ಬಳಗದ್ದೇ ಹುಳಿಹಣ್ಣಾದ ಉಪ್ಪಾಗೆಯದು. ಅದರ ಒಣಸಿಪ್ಪೆಯೂ ಕಪ್ಪು, ಹುಳಿಯೂ ಜೋರು, ಆದರೆ ನೀರಿಗೆ ಕೆಂಪು ಬಿಡುವುದಿಲ್ಲ. ಮೀನು ಸಾರಿಗೆ ಅದು ಸರಿ, ಲೋಟಕ್ಕಲ್ಲ.

ಒಳ್ಳೆಯ ಸಿಪ್ಪೆ ಕಪ್ಪು ನೇರಳೆ ಬಣ್ಣದ್ದು, ಮಡಿಸಿದರೆ ಬಾಗುತ್ತದೆ. ಕಂದು ಬಣ್ಣಕ್ಕೆ ತಿರುಗಿ ಕಟಕಟ ಮುರಿಯುವುದು ಹಳೆಯದು. ಹುಳಿ ಉಳಿದಿರುತ್ತದೆ, ಬಣ್ಣ ಹೋಗಿರುತ್ತದೆ. ಹಣ್ಣು ಕೊಯ್ಲಿಗೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಮುಂಚೆ ಬಂದ ವರ್ಷ ಸಿಪ್ಪೆ ಸರಿಯಾಗಿ ಒಣಗದೆ ಬೂಷ್ಟು ಹಿಡಿಯುತ್ತದೆ. ಮೇಲೆ ಬಿಳಿ ಕಂಡರೆ ನೀರಿಗೆ ಹಾಕಿ: ಉಪ್ಪಾದರೆ ಕರಗುತ್ತದೆ, ಬೂಷ್ಟಾದರೆ ನೂಲಿನ ಹಾಗೆ ಅಂಟಿಕೊಂಡೇ ಇರುತ್ತದೆ, ಮುಗ್ಗಲು ವಾಸನೆಯೂ ಬರುತ್ತದೆ. ಬೂಷ್ಟು ಹಿಡಿದದ್ದನ್ನು ತೊಳೆದು ಬಳಸುವ ಸಾಹಸ ಬೇಡ.

ಒಂದು ಲೀಟರ್ ಶರಬತ್ತಿಗೆ 25 ಗ್ರಾಂ ಸಿಪ್ಪೆ ಸಾಕು. ಎರಡು ಲೋಟ ಉಗುರುಬೆಚ್ಚನೆಯ ನೀರಿನಲ್ಲಿ ಮುಕ್ಕಾಲು ಗಂಟೆ ನೆನೆಸಿ, ಕೈಯಲ್ಲೇ ಕಿವುಚಿ, ಸೋಸಿ. 100 ಗ್ರಾಂ ಸಕ್ಕರೆ, ಎರಡು ಚಿಟಿಕೆ ಉಪ್ಪು, ಕಾಲು ಚಮಚ ಹುರಿದ ಜೀರಿಗೆ ಪುಡಿ ಹಾಕಿ, ಉಳಿದ ನೀರು ತುಂಬಿಸಿ. ಬೆಲ್ಲ ಹಾಕಿದರೆ ರುಚಿ ಗಾಢವಾಗುತ್ತದೆ, ಆದರೆ ಮಾಣಿಕ್ಯದ ಕೆಂಪು ಮಂಕಾಗುತ್ತದೆ. ಅವಸರಕ್ಕೆಂದು ಸಿಪ್ಪೆಯನ್ನು ಕುದಿಸಬೇಡಿ, ನೀರಿಗೆ ಒಗರು ಬಿಟ್ಟುಕೊಳ್ಳುತ್ತದೆ, ಬಣ್ಣವೂ ಕೆಡುತ್ತದೆ. ಮಿಕ್ಸಿಗೆ ಹಾಕಿದರೂ ಅದೇ ಗತಿ, ಮೇಲಿಂದ ಸೋಸಲಾಗದ ತರಿ ಬೇರೆ. ಪಾತ್ರೆ ಗಾಜಿನದೋ ಸ್ಟೀಲಿನದೋ ಇರಲಿ. ಅಲ್ಯೂಮಿನಿಯಂ ಮತ್ತು ಕಲಾಯಿ ಇಲ್ಲದ ಹಿತ್ತಾಳೆಗೆ ಈ ಹುಳಿ ಆಗದು.

ಬಾಟಲಿಗೆ ಬಂದರೆ, ಹಿಂದಿನ ಲೇಬಲ್ಲೇ ಸಾಕ್ಷಿ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ಸಿರಪ್ಪಿನಲ್ಲಿ ಸಕ್ಕರೆ ಮೊದಲು ಬರುವುದು ಸಹಜ, ಎರಡನೆಯದು ಪುನರ್ಪುಳಿ ರಸ ಆಗಿರಬೇಕು. ನೀರು, ಸಿಟ್ರಿಕ್ ಆಮ್ಲ ಬಂದು ಆಮೇಲೆಲ್ಲೋ ಹಣ್ಣು ಬಂದರೆ ಬಾಟಲಿ ವಾಪಸ್ ಇಡಿ. ಆಹಾರಕ್ಕೆ ಬೆರೆಸುವ ವಸ್ತುಗಳನ್ನು ಲೇಬಲ್ಲಿನಲ್ಲಿ ಐಎನ್‌ಎಸ್ ಸಂಖ್ಯೆಯಿಂದ ಗುರುತಿಸುತ್ತಾರೆ. ಐಎನ್‌ಎಸ್ 211 ಅಂದರೆ ಸೋಡಿಯಂ ಬೆಂಜೋಯೇಟ್, ಕೆಡದಂತೆ ಹಾಕುವುದು, ಅದಕ್ಕೆ ನಮ್ಮ ತಕರಾರಿಲ್ಲ. ತಕರಾರಿರುವುದು 122, 124ರಂಥ ಕೃತಕ ಕೆಂಪು ಬಣ್ಣಗಳ ಬಗ್ಗೆ. ಕಾನೂನು ಇವನ್ನು ಮಿತಿಯೊಳಗೆ ಒಪ್ಪುತ್ತದೆ. ಇಷ್ಟು ಬಣ್ಣವಿರುವ ಹಣ್ಣಿಗೆ ಮತ್ತೆ ಬಣ್ಣ ಯಾಕೆ ಬೇಕಾಯಿತು ಎಂಬುದೇ ಪ್ರಶ್ನೆ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಬಿಳಿ ಬಟ್ಟಲಿನಲ್ಲಿ ಒಂದು ಚಮಚ ಸಿರಪ್ಪಿಗೆ ನಾಲ್ಕು ಚಮಚ ನೀರು ಬೆರೆಸಿ, ಅಡುಗೆ ಸೋಡಾ ಚಿಟಿಕೆ ಚಿಟಿಕೆಯಾಗಿ ಹಾಕುತ್ತಾ ಹೋಗಿ. ಮೊದಲು ನೊರೆ ಏಳುತ್ತದೆ. ಹುಳಿ ತೀರಿದ ಮೇಲೆ ಹಣ್ಣಿನ ಕೆಂಪು ನೇರಳೆಗೆ, ನೀಲಿ ಬೂದಿಗೆ ತಿರುಗುತ್ತದೆ. ನೊರೆ ನಿಂತ ಮೇಲೂ ಸೋಡಾ ಹಾಕಿ, ನೀರು ಹಾಗೆಯೇ ಕೆಂಪಗೆ ಉಳಿದರೆ ಆ ಕೆಂಪು ಹಣ್ಣಿನದಲ್ಲ.

ಸಿಹಿಯ ಲೆಕ್ಕವನ್ನೂ ನೋಡಬೇಕು. ಗಟ್ಟಿ ಸಿರಪ್ಪಿನಲ್ಲಿ ತೂಕದ ಮೂರರಲ್ಲಿ ಎರಡು ಪಾಲು ಸಕ್ಕರೆ ಇರುತ್ತದೆ. 40 ಮಿಲಿ ಹಾಕಿ ಲೋಟ ತುಂಬಿಸಿದರೆ 30 ಗ್ರಾಂ ಮೀರಿದ ಸಕ್ಕರೆ ಹೊಟ್ಟೆಗೆ ಹೋಯಿತು. ಮೇಲಿನ ಲೆಕ್ಕದಲ್ಲಿ ಸಿಪ್ಪೆಯಿಂದ ಮಾಡಿದ 200 ಮಿಲಿ ಲೋಟದಲ್ಲಿ 20 ಗ್ರಾಂ, ಅದನ್ನೂ ಕಡಿಮೆ ಮಾಡುವುದು ನಿಮ್ಮ ಕೈಯಲ್ಲೇ ಇದೆ. ಸಿರಪ್ಪಿನ ಸಿಹಿ ಮುರಿಯಲು ನೀರು ಹೆಚ್ಚಿಸಿದರೆ ಹುಳಿಯೂ ತೆಳ್ಳಗಾಗುತ್ತದೆ; ಅರ್ಧ ನಿಂಬೆಹಣ್ಣು ಹಿಂಡಿ ಸರಿಮಾಡಿಕೊಳ್ಳಿ.

ನೆಂಟರಿಗೆ ಕೊಡುವುದಾದರೆ ಸಿಪ್ಪೆಯ ರಸವನ್ನು ಹಿಂದಿನ ರಾತ್ರಿಯೇ ಹಿಂಡಿ, ಸಕ್ಕರೆ ಸೇರಿಸಿ ಫ್ರಿಜ್ಜಿನಲ್ಲಿಡಿ, ನೀರು ಮಾತ್ರ ಬಡಿಸುವಾಗ ಬೆರೆಸಿ. ಐಸ್ ಹಾಕುವುದಿದ್ದರೆ ನೀರನ್ನು ಕಾಲು ಪಾಲು ಕಡಿಮೆ ಮಾಡಿ. ಸೋಡಾ ಜೊತೆಗೆ ಕೊಡುವಾಗ ರಸ ಮೊದಲು, ಸೋಡಾವನ್ನು ಲೋಟದ ಅಂಚಿನಿಂದ ನಿಧಾನವಾಗಿ, ಜೀರಿಗೆ ಪುಡಿ ಕೊನೆಗೆ ಬರೀ ಉದುರುವಷ್ಟು. ಪುಡಿಯ ಮೇಲೆ ಸೋಡಾ ಸುರಿದರೆ ನೊರೆ ಉಕ್ಕಿ ಮೇಜಿನ ಮೇಲಿರುತ್ತದೆ. ಬಿಳಿ ಬಟ್ಟೆಗೆ ಬಿದ್ದರೆ ಮೊದಲು ತಣ್ಣೀರಲ್ಲೇ ಜಾಲಿಸಿ. ನೇರ ಸೋಪು ಹಚ್ಚಿದರೆ ಕೆಂಪು ಕಲೆ ನೀಲಿಯಾಗಿ ಕೂರುತ್ತದೆ.

ಹಿಂಡಿದ ಸಿಪ್ಪೆಯಲ್ಲಿ ಇನ್ನೂ ಹುಳಿ ಇರುತ್ತದೆ. ಮೂರು ಲೋಟ ನೀರು, ಸೀಳಿದ ಎರಡು ಹಸಿಮೆಣಸು, ನೆಲ್ಲಿಕಾಯಿ ಗಾತ್ರದ ಬೆಲ್ಲ, ಉಪ್ಪು ಹಾಕಿ ಹತ್ತು ನಿಮಿಷ ಕುದಿಸಿ. ಕೊಬ್ಬರಿ ಎಣ್ಣೆಯಲ್ಲಿ ಸಾಸಿವೆ, ಒಣಮೆಣಸು, ಜಜ್ಜಿದ ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಮಧ್ಯಾಹ್ನದ ಅನ್ನಕ್ಕೆ ಸಾರು.