ಚನ್ನಪಟ್ಟಣದ ಮರದ ಅಡುಗೆ ಸೆಟ್: ನನ್ನ ಪುಟ್ಟ ಅಡುಗೆಮನೆಗೆ ಎಷ್ಟು ಹೊಂದಿತು?

ಮೂರು ವರ್ಷದಿಂದ ಒಂದು ಅಡುಗೆಮನೆ ಕಟ್ಟುತ್ತಿದ್ದೇನೆ. ಉದ್ದ 15 ಇಂಚು, ಅಗಲ 12 ಇಂಚು. ಮೂರು ಕಡೆ ಪ್ಲೈವುಡ್ ಗೋಡೆ, ಮುಂದೆ ಗಾಜು, ನೆಲಕ್ಕೆ ಕಾವಿ ಬಣ್ಣ. ಇದು ನಮ್ಮ ಅತ್ತೆಯ ತವರಿನ ಅಡುಗೆಮನೆ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಇದ್ದ ಆ ಮನೆ ಈಗ ಇಲ್ಲ. ಅತ್ತೆ ಹೇಳುತ್ತಾ ಹೋದರು, ನಾನು ಅಳತೆ ಬರೆದುಕೊಂಡೆ. ನಾನು ಬಟ್ಟೆ ಹೊಲಿಯುವವಳು, ಅಳತೆ ಅಂದರೆ ಬಿಡುವವಳಲ್ಲ.

ಗೊಂಬೆಮನೆ ಮಾಡುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕ 1:12. ನಿಜವಾದ ಒಂದು ಅಡಿ ಇಲ್ಲಿ ಒಂದು ಇಂಚು. ಇಂಗ್ಲೆಂಡಿನ ವಿಂಡ್ಸರ್ ಅರಮನೆಯಲ್ಲಿರುವ ರಾಣಿ ಮೇರಿಯ ಗೊಂಬೆಮನೆಯೂ ಇದೇ ಅಳತೆಯದು. ನವದೆಹಲಿಯ ನಕ್ಷೆ ಹಾಕಿದ ಲ್ಯುಟೆನ್ಸ್ ಅವರೇ ಅದನ್ನೂ ರೂಪಿಸಿದ್ದು, 1921ರಿಂದ 1924ರ ಹೊತ್ತಿಗೆ. ಅದರ ನಲ್ಲಿಯಲ್ಲಿ ನೀರು ಕೂಡ ಬರುತ್ತದೆ! ನನಗೆ ನಲ್ಲಿ ಬೇಡ, ಒರಳು ಬೇಕಿತ್ತು. ಆನ್‌ಲೈನ್‌ನಲ್ಲಿ ಸಿಗುವ ಕಿಟ್‌ಗಳಲ್ಲಿ ಓವನ್ ಇದೆ, ಕೇಕ್ ಇದೆ, ಟೀ ಕಪ್ಪಿದೆ. ಒರಳು, ಬೀಸೋಕಲ್ಲು ಎಲ್ಲಿಂದ ತರೋದು?

ಹಾಗಾಗಿ ಮೈಸೂರಿನ ಅಕ್ಕನ ಮನೆಗೆ ಹೋಗುವಾಗ ಚನ್ನಪಟ್ಟಣದಲ್ಲಿ ರೈಲು ಇಳಿದೆ. ಹಳೇ ರಸ್ತೆಯ ಪಕ್ಕದ ಒಂದು ಅಂಗಡಿಯಲ್ಲಿ 14 ಸಾಮಾನಿನ ಅಡುಗೆ ಸೆಟ್ ಕೊಂಡೆ, 680 ರೂಪಾಯಿ. ಬೈಪಾಸ್ ಆದ ಮೇಲೆ ಕಾರುಗಳು ಊರೊಳಗೆ ಬರುವುದು ಕಡಿಮೆಯಾಗಿದೆ. ಅಂಗಡಿಯವರಿಗೆ ಅದು ನಷ್ಟ. ನನಗೆ ಮಾತ್ರ ನಿಧಾನವಾಗಿ ಕೂತು, ಟೇಪ್ ಹಿಡಿದು ನೋಡುವಷ್ಟು ಸಮಯ ಸಿಕ್ಕಿತು.

ಮೊದಲು ಬೀಸೋಕಲ್ಲಿನ ವಿಷಯ ಹೇಳುತ್ತೇನೆ. ಸೆಟ್ಟಿನಲ್ಲಿ ಎಲ್ಲಕ್ಕಿಂತ ಚೆನ್ನಾಗಿರುವುದು ಅದೇ. ಅಗಲ 35 ಮಿ.ಮೀ. ಹನ್ನೆರಡರಿಂದ ಗುಣಿಸಿದರೆ 420, ಅಂದರೆ ಹದಿನಾರೂವರೆ ಇಂಚು. ಹಳ್ಳಿಮನೆಯ ಬೀಸೋಕಲ್ಲು ಸುಮಾರು ಅಷ್ಟೇ ಇರುತ್ತದೆ, ಅಲ್ವಾ? ಮೇಲಿನ ಕಲ್ಲು ನಿಜವಾಗಿಯೂ ತಿರುಗುತ್ತದೆ. ಗೂಟ ಅಂಚಿನಲ್ಲಿದೆ, ಕಾಳು ಹಾಕುವ ಬಾಯಿ ನಡುವೆ ಇದೆ. ಆಟಿಕೆ ತಾನೇ ಅಂತ ಗೂಟವನ್ನು ನಡುವೆ ಚುಚ್ಚಿ ಬಿಟ್ಟಿಲ್ಲ. ಮಾಡಿದವರ ಮನೆಯಲ್ಲೂ ಬೀಸೋಕಲ್ಲು ಇದ್ದಿರಬೇಕು.

ಮನೆಗೆ ತಂದಾಗ ಅತ್ತೆ ಕನ್ನಡಕ ಹಾಕಿಕೊಂಡು ಎರಡು ಬೆರಳಲ್ಲಿ ಗೂಟ ಹಿಡಿದು ಮೂರು ಸುತ್ತು ತಿರುಗಿಸಿದರು. "ಇದು ಸರಿಯಾಗೈತೆ ಕಣಮ್ಮ. ಆದ್ರೆ ಒಲೆ ಪಕ್ಕ ಇಡ್ಬೇಡ, ನಮ್ಮಲ್ಲಿ ಬಾಗಿಲ ಹಿಂದೆ ಇತ್ತು" ಅಂದರು. ಅವತ್ತೇ ಬಾಗಿಲ ಹಿಂದಕ್ಕೆ ಹೋಯಿತು.

ಅದರ ಮುಂದೆ ರಾಗಿ ಚೆಲ್ಲಿದ ಹಾಗೆ ಮಾಡೋಣ ಅಂತ ನಾಲ್ಕು ರಾಗಿ ಕಾಳು ಹಾಕಿದೆ. ಸರಿ ಕಾಣಲಿಲ್ಲ. ಒಂದೂವರೆ ಮಿ.ಮೀ. ಕಾಳು ಈ ಅಳತೆಯಲ್ಲಿ 18 ಮಿ.ಮೀ. ಆಗುತ್ತದೆ. ಪುಟ್ಟ ಅಡುಗೆಮನೆಯಲ್ಲಿ ರಾಗಿ ಇಟ್ಟರೆ ಸಣ್ಣ ನೆಲ್ಲಿಕಾಯಿ ಇಟ್ಟ ಹಾಗೆ. ಕೊನೆಗೆ ನಯವಾದ ರಾಗಿ ಹಿಟ್ಟನ್ನೇ ಸುತ್ತ ಉದುರಿಸಿ, ತೆಳು ಗೋಂದು ಹಾಕಿ ಕೂರಿಸಿದೆ. ಈಗ ನಿಜವಾಗಿ ಬೀಸಿ ಎದ್ದು ಹೋದ ಹಾಗಿದೆ.

ಒರಳೂ ಅಳತೆಗೆ ಸರಿಯಾಗಿದೆ, 40 ಮಿ.ಮೀ. ಆದರೆ ಗುಳಿ ಆಳ ಸಾಲದು. ಗುಂಡು ಒಳಗೆ ಕೂರುವುದಿಲ್ಲ, ಮೇಲೆ ನಿಂತಿರುತ್ತದೆ. ದೂರದಿಂದ ಗೊತ್ತಾಗುವುದಿಲ್ಲ, ಗಾಜಿನ ಹತ್ತಿರ ಬಂದವರಿಗೆ ಗೊತ್ತಾಗುತ್ತದೆ.

ಬೇಸರ ಆಗಿದ್ದು ಬಿಂದಿಗೆಗೆ. 38 ಮಿ.ಮೀ. ಎತ್ತರ, ಅಂದರೆ ಒಂದೂವರೆ ಅಡಿಯ ಬಿಂದಿಗೆ! ಅಷ್ಟು ದೊಡ್ಡದನ್ನು ಯಾರು ಸೊಂಟದ ಮೇಲೆ ಇಟ್ಟುಕೊಂಡು ಬರುತ್ತಾರೆ? ಅದನ್ನು ಗುಡಾಣ ಅಂತ ಮೂಲೆಗೆ ಇಟ್ಟೆ. ಸೌಟೂ ಹಾಗೇ, ತುಂಬಾ ಉದ್ದ. ತುದಿ ಕತ್ತರಿಸಿ ಹಿಟ್ಟಿನ ಕೋಲು ಮಾಡಿಕೊಂಡೆ, ಮುದ್ದೆ ತಿರುವಲು ಅದೇ ಸರಿಯಾದ ಉದ್ದ. ಸೆಟ್ ಮಾಡಿದ್ದು ಮಕ್ಕಳ ಕೈಗೆ, ನನ್ನ ಅಳತೆಗಲ್ಲ. ಅದು ತಪ್ಪಲ್ಲ. ಆದರೆ ನನ್ನಂತೆ ಜೋಡಿಸಿಡಲು ಕೊಳ್ಳುವವರು ಸೆಟ್ ಬಿಚ್ಚಿಸಿ ಅಳೆದೇ ಕೊಳ್ಳಿ.

ಕೆಲಸದ ನಯ ಹೇಗಿದೆ ಅಂದರೆ, ಕೈಯಲ್ಲಿ ಹಿಡಿದರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಆಲೆ ಮರವನ್ನು ಲೇತಿಗೆ ಕಟ್ಟಿ ತಿರುಗಿಸುತ್ತಾ, ಬಣ್ಣ ಬೆರೆಸಿದ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆಮೇಲೆ ಕೇದಗೆಯ ಒಣ ಗರಿ ಒತ್ತಿ ಹೊಳಪು ಕೊಡುತ್ತಾರೆ. ನನ್ನ ಮೊಸರಿನ ಗಡಿಗೆಯ ಕತ್ತಿನ ಹತ್ತಿರ ಕೂದಲೆಳೆಯಷ್ಟು ಸಣ್ಣ ಹಳದಿ ಗೆರೆ ಇದೆ. ಸುತ್ತಲೂ ಒಂದೇ ದಪ್ಪ, ಎಲ್ಲೂ ಕೂಡಿಸಿದ ಗುರುತಿಲ್ಲ. ಬ್ರಷ್ಷಿನಲ್ಲಿ ಬಳಿದಿದ್ದರೆ ಗೆರೆಯ ಪಕ್ಕ ಬಣ್ಣ ಗಟ್ಟಿಯಾಗಿ ನಿಂತಿರುತ್ತಿತ್ತು. ಚನ್ನಪಟ್ಟಣದ ಆಟಿಕೆಗೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ಅನ್ನುವ ಸರ್ಕಾರಿ ಗುರುತು ಇದೆ ನಿಜ, ಆದರೂ ರಸ್ತೆ ಬದಿಯಲ್ಲಿ ಇಟ್ಟಿದ್ದೆಲ್ಲ ಅಲ್ಲಿಯದೇ ಅಂದುಕೊಳ್ಳಬೇಡಿ. ಕೈಗೆ ತೆಗೆದುಕೊಂಡು ಈ ಗೆರೆಗಳನ್ನು ನೋಡಿ.

ತಂದ ಮೇಲೆ ಜೋಪಾನ ಮಾಡುವುದೂ ಮುಖ್ಯ. ಒಂದು ಹಸಿರು ಮುಚ್ಚಳದ ಮೇಲೆ ಧೂಳು ಕೂತಿತ್ತು ಅಂತ ಸ್ಯಾನಿಟೈಸರ್ ಹಾಕಿ ಒರೆಸಿದೆ. ಬಟ್ಟೆ ಹಸಿರಾಯಿತು, ಮುಚ್ಚಳದ ಹೊಳಪು ಹೋಯಿತು. ಸ್ಯಾನಿಟೈಸರಿನಲ್ಲಿರುವ ಸ್ಪಿರಿಟ್ಟಿಗೆ ಅರಗು ಕರಗುತ್ತದೆ. ತುಂಬಾ ಸಂಕಟವಾಯಿತು. ಈಗ ಒಣಗಿದ ಮಲ್ ಬಟ್ಟೆ ಬಿಟ್ಟು ಬೇರೆ ಏನೂ ತಾಗಿಸುವುದಿಲ್ಲ. ಬಿಸಿಯೂ ಆಗದು, ಒಳಗಿನ ದೀಪಕ್ಕೆ ಸಣ್ಣ ಎಲ್‌ಇಡಿಯೇ ಇರಲಿ. ಅರಿಶಿನದಿಂದ ಬರುವ ಹಳದಿ ಬಿಸಿಲಿಗೆ ಬೇಗ ಮಂಕಾಗುತ್ತದೆ, ಕಿಟಕಿ ಪಕ್ಕ ಇಡಬೇಡಿ.

ಎರಡನೇ ಸೆಟ್ ಕೊರಿಯರ್‌ನಲ್ಲಿ ತರಿಸಿದೆ, ತಂಗಿಗೆ ಕೊಡಲು. ಬೀಸೋಕಲ್ಲಿನ ಗೂಟ ಮುರಿದಿತ್ತು. ಫೋಟೋ ಕಳಿಸಿದೆ, ಒಂಬತ್ತು ದಿನಕ್ಕೆ ಬೇರೆ ಬಂತು, ದುಡ್ಡು ಕೇಳಲಿಲ್ಲ.

ಸೆಟ್ಟಿನಲ್ಲಿ ಇಲ್ಲದ್ದನ್ನು ನಾನೇ ಮಾಡಿಕೊಂಡಿದ್ದೇನೆ. ಗಡಿಗೆ ತೂಗುಹಾಕುವ ನೆಲುವನ್ನು ಕಾಟನ್ ದಾರದಲ್ಲಿ ಹೆಣೆದೆ. ಒಲೆಯ ಹಿಂದಿನ ಗೋಡೆಗೆ ದೀಪದ ಮಸಿ ಸವರಿದೆ. ಕಳೆದ ದಸರಾಕ್ಕೆ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲಲ್ಲಿ ಇದನ್ನು ಇಟ್ಟಾಗ, ಬೀದಿಯ ಮಕ್ಕಳು ಗಾಜಿಗೆ ಮೂಗು ಒತ್ತಿ ನೋಡಿದರು. ಒಬ್ಬಳು "ಆಂಟಿ, ಮಿಕ್ಸಿ ಎಲ್ಲಿ?" ಅಂದಳು. ಅವಳನ್ನು ಕೂರಿಸಿಕೊಂಡು ಒರಳು ತೋರಿಸಿದರು ಅತ್ತೆ, ಅರ್ಧ ಗಂಟೆ.

680 ರೂಪಾಯಿಗೆ ಈ ಸೆಟ್ ಜಾಸ್ತಿ ಅಂತ ನನಗೆ ಅನಿಸಲಿಲ್ಲ. ಹದಿನಾಲ್ಕರಲ್ಲಿ ಒಂಬತ್ತು ಅಳತೆಗೆ ಹೊಂದಿದವು. ಈಗ 25 ಮಿ.ಮೀ. ಬಿಂದಿಗೆಯ ಚಿತ್ರ ಬರೆದು, ಕತ್ತು ಎಷ್ಟು, ಹೊಟ್ಟೆ ಎಷ್ಟು ಅಂತ ಗುರುತು ಹಾಕಿ ಅದೇ ಅಂಗಡಿಗೆ ಕಳಿಸಿದ್ದೇನೆ. ಆರಕ್ಕಿಂತ ಕಡಿಮೆ ಮಾಡುವುದಿಲ್ಲವಂತೆ. ನನಗೆ ಎರಡು ಸಾಕು. ಉಳಿದ ನಾಲ್ಕು ಯಾರಿಗಾದರೂ ಬೇಕಿದ್ದರೆ ಹೇಳಿ, ಒಟ್ಟಿಗೆ ಮಾಡಿಸೋಣ.